ಜಗಲಿಯಿಂದ ಗ್ರಂಥಾಲಯಕ್ಕೆ: ಹೋಂವರ್ಕ್ ಹೇಳಿಕೊಟ್ಟ ಹತ್ತು ತಿಂಗಳು

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊನೆಯ ಪತ್ರಿಕೆ ಮುಗಿದ ಮರುದಿನ ಸಂಜೆ ನಮ್ಮೂರ ಗ್ರಾಮ ಪಂಚಾಯಿತಿ ಗ್ರಂಥಾಲಯದ ಬೀಗದ ಕೈಯನ್ನು ಮೇಲ್ವಿಚಾರಕರಿಗೆ ಒಪ್ಪಿಸಿ ಮನೆಗೆ ಬಂದೆ. ಕಳೆದ ಜೂನ್‌ನಿಂದ ಈ ಮಾರ್ಚ್‌ವರೆಗೆ, ಭಾನುವಾರ ಮತ್ತು ಹಬ್ಬಗಳನ್ನು ಬಿಟ್ಟು ಪ್ರತಿ ಸಂಜೆ 5.30ರಿಂದ 7.30ರವರೆಗೆ, ಆರರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳ ಹೋಂವರ್ಕಿನ ಮುಂದೆ ಕೂತಿದ್ದೇನೆ. ಕೊನೆಗೆ ಉಳಿದವರ ಸಂಖ್ಯೆ 23. ನಾನು ಮೇಷ್ಟ್ರಲ್ಲ. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ 34 ವರ್ಷ ನೋಟು ಎಣಿಸಿ, ನಿವೃತ್ತಿಯ ನಂತರ ಅಪ್ಪ ಬಿಟ್ಟುಹೋದ ತೆಂಗಿನ ತೋಟ ನೋಡಿಕೊಳ್ಳಲು ತಿಪಟೂರು ತಾಲ್ಲೂಕಿನ ನಮ್ಮ ಹಳ್ಳಿಗೆ ಮರಳಿದವನು. ಈ ಕೆಲಸಕ್ಕೆ ಇಳಿಯುವ ಮೊದಲು ಯಾರಾದರೂ ಕೂರಿಸಿಕೊಂಡು ನಾಲ್ಕು ಮಾತು ಹೇಳಿದ್ದರೆ ಎಷ್ಟೋ ಓಡಾಟ ಉಳಿಯುತ್ತಿತ್ತು, ಎಷ್ಟೋ ತಪ್ಪು ತಪ್ಪುತ್ತಿತ್ತು. ನಿವೃತ್ತರಾಗಿ ಊರಿಗೆ ಬಂದು ಇಂಥದ್ದೇ ಯೋಚನೆಯಲ್ಲಿರುವವರಿಗೆ ಉಪಯೋಗವಾದೀತೆಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಆರಂಭವಾದದ್ದು ಪಕ್ಕದ ಮನೆಯ ಏಳನೆಯ ತರಗತಿಯ ಹುಡುಗನಿಂದ. 12 ಮತ್ತು 18ರ ಲ.ಸಾ.ಅ. ಕಂಡುಹಿಡಿಯಬೇಕಿತ್ತು, ಅವನು 6 ಎಂದು ಬರೆದುಕೊಂಡು ಬಂದಿದ್ದ. ‘36 ಕಣೋ’ ಎಂದು ಹೇಳಿ ಲೆಕ್ಕ ಮಾಡಿ ತೋರಿಸಿದೆ, ಅವನು ಅಚ್ಚುಕಟ್ಟಾಗಿ ಬರೆದುಕೊಂಡು ಹೋದ. ಮರುದಿನ 8 ಮತ್ತು 12ಕ್ಕೆ 4 ಎಂದು ಬರೆದುಕೊಂಡು ಬಂದ. ಮತ್ತೆ ಹೇಳಿಕೊಟ್ಟೆ, ಮತ್ತೆ ಬರೆದುಕೊಂಡ. ಮೂರನೆಯ ದಿನವೂ ಅದೇ ಆದಾಗ ಪೆನ್ನು ಕೆಳಗಿಟ್ಟು, ‘ಲ.ಸಾ.ಅ. ಅಂದರೆ ಏನೋ?’ ಎಂದು ಕೇಳಿದೆ. ‘ಲಘುತ್ತಮ ಸಾಮಾನ್ಯ ಅಪವರ್ತನ ಸಾರ್. ಲಘು ಅಂದ್ರೆ ಚಿಕ್ಕದು. ಅದಕ್ಕೇ ಚಿಕ್ಕ ಉತ್ತರ ಬರ್ಬೇಕು’ ಎಂದ.

ಹುಡುಗನ ತರ್ಕದಲ್ಲಿ ತಪ್ಪಿರಲಿಲ್ಲ, ಪದದಲ್ಲಿತ್ತು. ಮ.ಸಾ.ಅ.ದ (ಮಹತ್ತಮ ಸಾಮಾನ್ಯ ಅಪವರ್ತನ) ‘ಅ’ ಅಪವರ್ತನ, ಲ.ಸಾ.ಅ.ದ ‘ಅ’ ಅಪವರ್ತ್ಯ. ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವುದು ಅಪವರ್ತನ, ಆ ಸಂಖ್ಯೆಯ ಮಗ್ಗಿಯಲ್ಲಿ ಬರುವುದು ಅಪವರ್ತ್ಯ. ಎರಡನ್ನೂ ಒಂದೇ ಅಕ್ಷರಕ್ಕೆ ಮೊಟಕುಗೊಳಿಸಿ ಮಕ್ಕಳ ಬಾಯಿಗೆ ಹಾಕಿದರೆ ಇನ್ನೇನಾದೀತು? ಮೂರು ದಿನ ನಾನು ಅವನಿಗೆ ಉತ್ತರ ಕೊಟ್ಟಿದ್ದೆ, ಅವನಿಗೆ ಬೇಕಾಗಿದ್ದದ್ದು ಒಂದು ಯ-ಒತ್ತು. ‘ನಮ್ಮ ತೋಟಕ್ಕೆ 12 ದಿನಕ್ಕೊಮ್ಮೆ, ನಿಮ್ಮ ತೋಟಕ್ಕೆ 18 ದಿನಕ್ಕೊಮ್ಮೆ ನೀರು ಬಿಡುತ್ತೇವೆ, ಇವತ್ತು ಎರಡಕ್ಕೂ ಬಿಟ್ಟಾಯಿತು, ಮತ್ತೆ ಎರಡಕ್ಕೂ ಒಂದೇ ದಿನ ಬಿಡುವುದು ಯಾವಾಗ?’ ಎಂದು ಕೇಳಿದಾಗ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿ 36 ಎಂದ. ನಾನು ಹೇಳದೆ ಅವನಿಗೆ ಸಿಕ್ಕ ಮೊದಲ ಉತ್ತರ ಅದು.

ಜೂನ್ ಮುಗಿಯುವಷ್ಟರಲ್ಲಿ ಜಗಲಿಯ ಮೇಲೆ 11 ಮಕ್ಕಳಾದರು. ಮಳೆ ಬಂದರೆ ಎರಚಲು ಪುಸ್ತಕದ ಮೇಲೆಯೇ ಬೀಳುತ್ತಿತ್ತು, ಹೀಗಾಗಿ ಜಾಗ ಹುಡುಕಬೇಕಾಯಿತು. ಇಲ್ಲಿಂದ ಮುಂದಿನದು ಸ್ವಲ್ಪ ಬೇಸರದ ಕಥೆ. ಸರ್ಕಾರಿ ಶಾಲೆಯ ಒಂದು ಕೋಣೆಯನ್ನು ಸಂಜೆ ಎರಡು ಗಂಟೆ ಕೊಡಿ ಎಂದು ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿದೆ. ಅವರಿಗೆ ಮನಸ್ಸಿತ್ತು, ಆದರೆ ಶಾಲಾ ಅವಧಿಯ ನಂತರ ಕೋಣೆ ತೆರೆಯಲು ಎಸ್‌ಡಿಎಂಸಿಯ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಡಾವಳಿ ಬೇಕು, ಮೇಲಿನ ಕಚೇರಿಯ ಒಪ್ಪಿಗೆಯೂ ಬೇಕು ಎಂದರು. ಆ ತಿಂಗಳ ಎಸ್‌ಡಿಎಂಸಿ ಸಭೆ ಮುಗಿದುಹೋಗಿತ್ತು. ಜುಲೈ ಸಭೆಯವರೆಗೆ ಕಾದು, ನಡಾವಳಿಯ ಪ್ರತಿ ಹಿಡಿದು ತಾಲ್ಲೂಕು ಕೇಂದ್ರದ ಕಚೇರಿಗೆ ಹೋದೆ. ಮೊದಲ ಸಲ, ಶುಲ್ಕ ತೆಗೆದುಕೊಳ್ಳುವುದಿಲ್ಲವೆಂಬ ಮುಚ್ಚಳಿಕೆ ಬೇಕೆಂದರು. ಎರಡನೆಯ ಸಲ ಅದನ್ನು ಕೊಟ್ಟಾಗ ಆಧಾರ್ ಪ್ರತಿ ಮತ್ತು ಪ್ರತಿ ಮಗುವಿನ ಪೋಷಕರ ಒಪ್ಪಿಗೆ ಪತ್ರ ಬೇಕೆಂದರು. ಅವೆಲ್ಲವನ್ನೂ ಜೋಡಿಸಿ ಮೂರನೆಯ ಸಲ ಕೊಟ್ಟು ಬಂದೆ. ನಾಲ್ಕನೆಯ ಸಲ ವಿಚಾರಿಸಲು ಹೋದಾಗ ಕಡತವೇ ಸಿಗಲಿಲ್ಲ. 34 ವರ್ಷ ಪ್ರತಿ ಚಲನ್ನಿಗೂ ಸೀಲು ಹಾಕಿ ಕೌಂಟರ್‌ಫಾಯಿಲ್ ಹರಿದುಕೊಟ್ಟ ಮನುಷ್ಯ ತನ್ನ ಅರ್ಜಿಗೆ ಒಂದು ಸ್ವೀಕೃತಿ ಪಡೆಯದೆ ಬಂದಿದ್ದ ಎಂದು ನನ್ನ ಹೆಂಡತಿ ಇವತ್ತಿಗೂ ನಗುತ್ತಾಳೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೇ ಬನ್ನಿ.

ಕೊನೆಗೆ ದಾರಿ ತೋರಿಸಿದ್ದು ಗ್ರಂಥಾಲಯದ ಮೇಲ್ವಿಚಾರಕರು. ಈಗ ನಮ್ಮ ಗ್ರಾಮೀಣ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಫಲಕ ಬಂದಿದೆ, ಅವು ಪಂಚಾಯಿತಿಯ ಅಡಿಯಲ್ಲಿವೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಒಂದು ಪುಟದ ಅರ್ಜಿ, ಜೊತೆಗೆ ಆಗಲೇ ಸಂಗ್ರಹಿಸಿದ್ದ ಪೋಷಕರ ಒಪ್ಪಿಗೆ ಪತ್ರಗಳು, ಇಷ್ಟನ್ನು ಕೊಟ್ಟ ಒಂಬತ್ತನೆಯ ದಿನ ಪತ್ರ ಕೈಗೆ ಬಂತು. ಮೊದಲೇ ಅಲ್ಲಿಗೆ ಹೋಗಬೇಕಿತ್ತು. ಒಪ್ಪಿಗೆ ಪತ್ರಗಳನ್ನು ಮಾತ್ರ ಯಾರೂ ಕೇಳದಿದ್ದರೂ ಬರೆಸಿಕೊಳ್ಳಿ. ಹೆಣ್ಣುಮಕ್ಕಳು ಸಂಜೆಯ ಹೊತ್ತಿನಲ್ಲಿ ಬರುವುದರಿಂದ ಯಾರು ಕರೆದೊಯ್ಯುತ್ತಾರೆ, ಎಷ್ಟು ಹೊತ್ತಿಗೆ ಎಂಬುದನ್ನು ಅದರಲ್ಲೇ ಬರೆಸಿದ್ದೆ. ನನ್ನ ಹೆಂಡತಿಯೂ ದಿನಾ ಬಂದು ಹೂ ಕಟ್ಟಿಕೊಂಡೋ ಪತ್ರಿಕೆ ಓದಿಕೊಂಡೋ ಅಲ್ಲೇ ಕೂರುತ್ತಿದ್ದಳು. ಅವಳು ಬಾರದ ದಿನ ಬಾಗಿಲು ತೆರೆಯಲಿಲ್ಲ.

ಆಗಸ್ಟ್‌ನಲ್ಲಿ ಅಲ್ಲಿಗೆ ಹೋದ ಮೇಲೆ ಬ್ಯಾಂಕಿನ ಚಟದಂತೆ ಒಂದು ಲೆಡ್ಜರ್ ಇಟ್ಟೆ. ದಿನಾಂಕ, ಮಗು, ತಂದ ಪ್ರಶ್ನೆ, ನಿಜವಾಗಿ ಎಲ್ಲಿ ನಿಂತಿದೆ ಎಂಬ ನಾಲ್ಕು ಕಾಲಮ್. ಮೂರನೆಯ ಮತ್ತು ನಾಲ್ಕನೆಯ ಕಾಲಮ್ಮಿನಲ್ಲಿ ಒಂದೇ ವಿಷಯ ಬಂದ ದಿನಗಳು ಬಹಳ ಕಡಿಮೆ. ಹತ್ತನೆಯ ತರಗತಿಯ ಹುಡುಗ ವರ್ಗಸಮೀಕರಣ ಬರುವುದಿಲ್ಲವೆಂದು ಬಂದ. ಪುಟ ತಿರುವಿ ನೋಡಿದರೆ ಸೂತ್ರ ಬಾಯಿಪಾಠವಿದೆ, ಬೆಲೆ ಹಾಕುವುದೂ ಬರುತ್ತದೆ, ಆದರೆ ‘5 − (ಎಕ್ಸ್ − 3)’ ಎಂಬಲ್ಲಿ ಆವರಣ ಬಿಡಿಸಿ ‘2 − ಎಕ್ಸ್’ ಎಂದು ಬರೆದಿದ್ದಾನೆ. ಆವರಣದ ಮುಂದಿನ ಋಣ ಚಿಹ್ನೆ ಒಳಗಿನ ಎರಡನೆಯ ಪದವನ್ನೂ ಬದಲಿಸುತ್ತದೆ ಎಂಬುದು ಅವನಿಗೆ ಹಿಂದಿನ ತರಗತಿಗಳಲ್ಲೇ ತಪ್ಪಿಹೋಗಿತ್ತು. ‘ನಿನ್ನ ಹತ್ತಿರ 5 ರೂಪಾಯಿ ಇದೆ. ಅಂಗಡಿಯವನ ಬಿಲ್ಲು ಎಕ್ಸ್ ರೂಪಾಯಿ, ಅದರಲ್ಲಿ 3 ರೂಪಾಯಿ ಬಿಟ್ಟ. ಬಿಟ್ಟ ಆ ಮೂರು ಯಾರ ಜೇಬಿನಲ್ಲಿ ಉಳಿಯಿತು?’ ಎಂದೆ. ‘ನಂದ್ರಲ್ಲಿ’ ಎಂದವನು ತಾನೇ ತಿದ್ದಿ ‘8 − ಎಕ್ಸ್’ ಎಂದು ಬರೆದ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸಿ, ಮೇಲಿನದಕ್ಕೆ ಮೇಲಿನದು ಕೆಳಗಿನದಕ್ಕೆ ಕೆಳಗಿನದು ಸೇರಿಸಿ, ಐದನೆಯ ಎರಡು ಎಂದು ಬರೆದಿದ್ದಳು. ಅರ್ಧ ರೊಟ್ಟಿಗೆ ಇನ್ನೊಂದು ಚೂರು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಸಣ್ಣದಾಯಿತೇ ಎಂದು ಕೇಳಿದಾಗ ಅವಳಿಗೇ ನಗು ಬಂತು. ಒಂಬತ್ತನೆಯ ತರಗತಿಗೆ ಬಂದು ಐದನೆಯ ತರಗತಿಯ ಲೆಕ್ಕ ಕಲಿಯಬೇಕೆಂದರೆ ಮಕ್ಕಳಿಗೆ ನಾಚಿಕೆಯಾಗುತ್ತದೆ, ಆದ್ದರಿಂದ ಕೆಳಗಿನ ತರಗತಿಯ ಪುಸ್ತಕವನ್ನು ಎಲ್ಲರೆದುರು ತೆರೆಯಬೇಡಿ. ನಾನು ಆ ಲೆಕ್ಕಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದೆ.

ವಿಜ್ಞಾನದಲ್ಲಿ ಕಷ್ಟ ಕೊಟ್ಟದ್ದು ಎರಡು: ವಾಕ್ಯ ಮತ್ತು ಸಮೀಕರಣ. ಹತ್ತನೆಯ ತರಗತಿಯ ಗಣಿತ ಮತ್ತು ವಿಜ್ಞಾನ ಪುಸ್ತಕಗಳು ಎನ್‌ಸಿಇಆರ್‌ಟಿ ಪುಸ್ತಕಗಳ ಕನ್ನಡ ಅನುವಾದ, ಕೆಲವು ವಾಕ್ಯಗಳನ್ನು ನಾನೇ ಎರಡು ಸಲ ಓದಬೇಕಾಯಿತು. ಪ್ರಶ್ನೆಯನ್ನು ಮಗು ತನ್ನ ಮಾತಿನಲ್ಲಿ ಹೇಳುವವರೆಗೆ ಉತ್ತರಕ್ಕೆ ಕೈಹಾಕುವುದಿಲ್ಲ ಎಂಬ ನಿಯಮ ಇಲ್ಲಿಂದಲೇ ಹುಟ್ಟಿತು. ಇನ್ನು ರಾಸಾಯನಿಕ ಸಮೀಕರಣ ಸರಿದೂಗಿಸುವಾಗ ಮಕ್ಕಳು ಮಾಡುವ ತಪ್ಪು ಬಹುತೇಕ ಒಂದೇ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವಲ್ಲಿ ಬಲಗಡೆ ಒಂದು ಆಕ್ಸಿಜನ್ ಕಡಿಮೆ ಬಿತ್ತೆಂದು ನೀರಿನ ಸೂತ್ರದ ಒಳಗೇ, ಆಕ್ಸಿಜನ್ನಿನ ಕೆಳಗೆ 2 ಬರೆದುಬಿಡುತ್ತಾರೆ. ಎಣಿಕೆ ಸರಿಹೋಗುತ್ತದೆ, ಆದರೆ ನೀರು ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಆಗಿರುತ್ತದೆ. ಲೋಟದ ಸಂಖ್ಯೆ ಹೆಚ್ಚಿಸಬಹುದು, ಲೋಟದೊಳಗಿನದನ್ನು ಬದಲಿಸುವಂತಿಲ್ಲ ಎಂದು ಹೇಳಿ, ಸೂತ್ರವನ್ನು ರಟ್ಟಿನ ಚೂರಿನ ಮೇಲೆ ಬರೆದು, ಮುಂದೆ ಸಂಖ್ಯೆ ಬರೆಯಲು ಮಾತ್ರ ಜಾಗ ಬಿಟ್ಟೆ.

ಸಮಾಜ ವಿಜ್ಞಾನವನ್ನು ಎಲ್ಲರೂ ಸುಲಭವೆನ್ನುತ್ತಿದ್ದರು, ಏಕೆಂದರೆ ಗೈಡಿನಿಂದ ನಕಲು ಮಾಡಬಹುದು. ಸಹಾಯಕ ಸೈನ್ಯ ಪದ್ಧತಿಯ ನಿಬಂಧನೆಗಳನ್ನು ಒಬ್ಬಳು ಹುಡುಗಿ ಐದು ಅಂಶಗಳಾಗಿ ಗಿಳಿಪಾಠ ಒಪ್ಪಿಸಿದಳು. ನಡುವೆ ಒಂದು ಅಂಶ ಮರೆತರೆ ಮೊದಲಿನಿಂದ ಆರಂಭಿಸಬೇಕು. 1798ರಲ್ಲಿ ಲಾರ್ಡ್ ವೆಲ್ಲೆಸ್ಲಿ ಇದನ್ನು ತಂದ, ಮೊದಲು ಒಪ್ಪಿದ್ದು ಹೈದರಾಬಾದಿನ ನಿಜಾಮ ಎಂಬುದೆಲ್ಲ ಸರಿಯಾಗಿಯೇ ಇತ್ತು. ಒಪ್ಪಿದವರಿಗೆ ಏನಾಯಿತು ಎಂದರೆ ಗೊತ್ತಿಲ್ಲ. ಆಗ ಹೀಗೆ ಹೇಳಿದೆ: ನಿಮ್ಮ ತೋಟಕ್ಕೆ ಕಳ್ಳರ ಭಯವಿದೆ ಎಂದು ಪಕ್ಕದ ತೋಟದವನು ತನ್ನ ಆಳನ್ನು ಕಾವಲಿಗೆ ಇಡುತ್ತಾನೆ. ಸಂಬಳ ನೀವು ಕೊಡಬೇಕು, ಕೊಡಲಾಗದಿದ್ದರೆ ಒಂದು ಪಟ್ಟೆ ತೋಟ ಬಿಟ್ಟುಕೊಡಬೇಕು. ಅವನ ಗುಮಾಸ್ತ ನಿಮ್ಮ ಜಗಲಿಯಲ್ಲೇ ಕೂರುತ್ತಾನೆ. ಅವನನ್ನು ಕೇಳದೆ ನೀವು ಬೇರೆ ಯಾರನ್ನೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ಇನ್ನೊಬ್ಬರ ಜೊತೆ ಜಗಳವನ್ನೂ ಆಡುವಂತಿಲ್ಲ, ರಾಜಿಯನ್ನೂ ಮಾಡಿಕೊಳ್ಳುವಂತಿಲ್ಲ. ‘ಹಂಗಾದ್ರೆ ತೋಟ ಅವನ್ದೇ ಆಯ್ತಲ್ಲ ಸಾರ್’ ಎಂದಳು. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರಿಗೂ ಇದೇ ಆಯಿತು ಎಂದದ್ದು ಅವಳಿಗೆ ಮರೆಯಲಿಲ್ಲ. ಐದು ಅಂಶಗಳು ಯಾವ ಕ್ರಮದಲ್ಲಿ ಕೇಳಿದರೂ ಬರತೊಡಗಿದವು.

ನನಗೆ ನಿಜವಾಗಿ ಭಯವಿದ್ದದ್ದು ಕನ್ನಡದ ಛಂದಸ್ಸಿನ ಬಗ್ಗೆ. ನಮ್ಮ ಕಾಲದಲ್ಲಿ ಕಲಿತ, ಮೂರಕ್ಷರದ ಗಣಗಳನ್ನು ಗುರುತಿಸುವ ‘ಯಮಾತಾರಾಜಭಾನಸಲಗಂ’ ಸೂತ್ರ ಒಂದು ನೆನಪಿತ್ತು. ಯಾವ ಗಣ ಬೇಕೋ ಆ ಅಕ್ಷರದಿಂದ ಮೂರನ್ನು ಎಣಿಸಿದರೆ ಸಾಕು, ‘ಭಾನಸ’ ಎಂದರೆ ಗುರು ಲಘು ಲಘು, ಅದು ಭಗಣ. ಆದರೆ ಅದನ್ನು ಉತ್ಸಾಹದಿಂದ ಕಲಿಸಿದ್ದೇ ಎಡವಟ್ಟಾಯಿತು. ಮಕ್ಕಳು ಭಾಮಿನಿ ಷಟ್ಪದಿಗೂ ಮೂರು ಮೂರು ಅಕ್ಷರಕ್ಕೆ ಗೆರೆ ಎಳೆಯತೊಡಗಿದರು. ಅಲ್ಲಿ ಎಣಿಸಬೇಕಾದದ್ದು ಅಕ್ಷರವನ್ನಲ್ಲ, ಮಾತ್ರೆಯನ್ನು: ಲಘುವಿಗೆ ಒಂದು, ಗುರುವಿಗೆ ಎರಡು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು-ಮೂರು-ನಾಲ್ಕರಂತೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅದೇ ನಡೆ ಮುಂದುವರಿದು ಕೊನೆಗೊಂದು ಗುರು ಸೇರಿ 23. ಇದನ್ನು ನಾನೇ ಎರಡು ರಾತ್ರಿ ಕೂತು ಕಲಿತೆ. ಪುಸ್ತಕದ ಪದ್ಯ ಬೇಡವೆಂದು, ಅವರವರ ಮಾತಿಗೇ ಪ್ರಸ್ತಾರ ಹಾಕಲು, ಅಂದರೆ ಗುರು ಲಘು ಗುರುತಿಸಲು, ಹೇಳಿದಾಗ ಒಬ್ಬ ಹುಡುಗ ‘ನಮ್ಮೂರ ಬಸ್ಸು ಬರಲಿಲ್ಲ’ ಎಂದು ಬರೆದ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ನೆನಪಿಟ್ಟು ಎಣಿಸಿ, ‘13 ಸಾರ್, ಭಾಮಿನಿಗೆ ಒಂದು ಮಾತ್ರೆ ಕಮ್ಮಿ’ ಎಂದ. ಪಕ್ಕದವನು ‘ಬರಲಿಲ್ಲೋ’ ಎಂದು ಎಳೆದು 14 ಮಾಡಿದ. ಎಣಿಕೆ ಸರಿಯಾಯಿತು, ಆದರೆ ‘ನಮ್ಮೂ’ ಎಂಬಲ್ಲಿ ಎರಡು ಗುರು ಬಿದ್ದು ಮೊದಲ ಗಣವನ್ನು ಮೂರಕ್ಕೆ ಕತ್ತರಿಸಲು ಆಗುವುದಿಲ್ಲ. ಕಾಲು ಗಂಟೆಯ ನಂತರ ಮೂಲೆಯಲ್ಲಿದ್ದ ಹುಡುಗಿ ಎದ್ದುಬಂದು ಬೋರ್ಡಿನ ಮೇಲೆ ಬರೆದಳು: ‘ಊರ ಬಸ್ಸಿದು ಇಂದು ಬಾರದು’. ಮೂರು, ನಾಲ್ಕು, ಮೂರು, ನಾಲ್ಕು. ಇದೊಂದು ಸಂಜೆಗಾಗಿ ತಾಲ್ಲೂಕು ಕಚೇರಿಗೆ ಇನ್ನೂ ನಾಲ್ಕು ಸಲ ಹೋಗಲು ಸಿದ್ಧನಿದ್ದೆ.

ಇಂಗ್ಲಿಷ್ ಪಾಠದ ಸಾಲುಗಳ ಕೆಳಗೆ ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದುಕೊಳ್ಳುವ ಮಕ್ಕಳನ್ನು ನಾನು ತಡೆಯಲಿಲ್ಲ. ಅರ್ಥವನ್ನೂ ಕೆಳಗೆ ಬರೆಯಿರಿ ಎಂದಷ್ಟೇ ಹೇಳಿದೆ. ಹಿಂದಿಗೆ ಕೈ ಮುಗಿದುಬಿಟ್ಟೆ. ಊರಿನ ಪಿಯುಸಿ ಓದುವ ಹುಡುಗಿಯೊಬ್ಬಳು ವಾರಕ್ಕೆರಡು ದಿನ ಬಂದು ನೋಡಿಕೊಂಡಳು. ಗೊತ್ತಿಲ್ಲದ ವಿಷಯದಲ್ಲಿ ಗೊತ್ತಿರುವಂತೆ ನಟಿಸಿದರೆ ಮಕ್ಕಳಿಗೆ ಅರ್ಧ ಗಂಟೆಯೊಳಗೆ ತಿಳಿಯುತ್ತದೆ.

ಅಕ್ಟೋಬರ್‌ನಲ್ಲಿ ಒಂದು ಮುಜುಗರವಾಯಿತು. ಎರಡು ಚರಾಕ್ಷರಗಳ ಸಮೀಕರಣವನ್ನು ನಾನು ಹುಡುಗನೊಬ್ಬನಿಗೆ ವರ್ಜಿಸುವ ವಿಧಾನದಲ್ಲಿ ಮಾಡಿಸಿದ್ದೆ. ಪ್ರಶ್ನೆಯಲ್ಲಿ ಆದೇಶ ವಿಧಾನದಿಂದ ಬಿಡಿಸಿ ಎಂದಿದ್ದದ್ದನ್ನು ನಾನು ಓದಿರಲೇ ಇಲ್ಲ. ಉತ್ತರ ಸರಿಯಿದ್ದರೂ ಇಡೀ ಪುಟಕ್ಕೆ ಕೆಂಪು ಗೀಟು ಬಿದ್ದು, ‘ಹೊರಗೆ ಹೇಳಿಸಿಕೊಳ್ಳಬೇಡ’ ಎಂದು ತರಗತಿಯಲ್ಲಿ ಬೈಸಿಕೊಂಡು ಬಂದ. ತಪ್ಪು ನನ್ನದೆಂದು ಹೇಳಲು ನಾನೇ ಹೋಗಿ ಅವನ ಗಣಿತ ಶಿಕ್ಷಕರನ್ನು ಭೇಟಿಯಾದೆ. ಐದು ನಿಮಿಷ ಮುಖ ಗಂಟಿಕ್ಕಿಕೊಂಡಿದ್ದ ಅವರು ನನ್ನ ಲೆಡ್ಜರ್ ನೋಡಿದ ಮೇಲೆ ಅದರ ನಾಲ್ಕನೆಯ ಕಾಲಮ್ಮನ್ನು ತಮ್ಮ ಫೋನಿನಲ್ಲಿ ಚಿತ್ರ ತೆಗೆದುಕೊಂಡರು. ಇದನ್ನು ಜೂನ್‌ನಲ್ಲೇ ಮಾಡಬೇಕಿತ್ತು. ಅಂದಹಾಗೆ, ಅದೇ ಹುಡುಗ ‘ಆದೇಶ ಸಂಧಿಯ ಆದೇಶವೂ ಇದೂ ಒಂದೇನಾ ಸಾರ್?’ ಎಂದು ಕೇಳಿದ. ಒಂದರ ಜಾಗದಲ್ಲಿ ಇನ್ನೊಂದನ್ನು ತಂದಿಡುವುದು ಎಂಬ ಅರ್ಥದಲ್ಲಿ ಎರಡೂ ಒಂದೇ ಎಂಬುದು ಅವನು ಕೇಳುವವರೆಗೆ ನನಗೆ ಹೊಳೆದಿರಲಿಲ್ಲ.

ಪೋಷಕರ ಅಸಮಾಧಾನವನ್ನು ನಾನು ನಿರೀಕ್ಷಿಸಿರಲಿಲ್ಲ. ‘ಎರಡು ಗಂಟೆ ಕೂರಿಸ್ಕೊಂಡು ಎರಡೇ ಲೆಕ್ಕ ಮಾಡಿಸೀರಂತೆ, ಬರೆಯೋದು ಹಂಗೇ ಉಳೀತು’ ಎಂದು ಒಬ್ಬ ತಾಯಿ ಸಿಟ್ಟಾದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಹೋಂವರ್ಕ್ ಮುಗಿಯದೆ ಹೋದರೆ ಮರುದಿನ ತರಗತಿಯಲ್ಲಿ ನಿಲ್ಲುವುದು ಮಗು, ನಾನಲ್ಲ. ಅಂದಿನಿಂದ ಮೊದಲ ಮುಕ್ಕಾಲು ಗಂಟೆ ಬರೆದು ಮುಗಿಸುವುದಕ್ಕೆ, ಉಳಿದದ್ದು ಎಲ್ಲಿ ಸಿಕ್ಕಿಕೊಂಡಿದೆಯೋ ಅದಕ್ಕೆ ಎಂದು ಹಂಚಿದೆ. ಫೋನಿನಲ್ಲಿ ಪ್ರಶ್ನೆಯ ಚಿತ್ರ ತೆಗೆದರೆ ಉತ್ತರ ಕೊಡುವ ಆ್ಯಪ್‌ಗಳ ಜೊತೆಗೂ ಹೀಗೆಯೇ ರಾಜಿಯಾದೆ: ಉತ್ತರ ಅದರಿಂದ ಬರಲಿ, ಆದರೆ ಎರಡನೆಯ ಹಂತದಿಂದ ಮೂರನೆಯದು ಹೇಗೆ ಬಂತೆಂದು ಬೋರ್ಡಿನ ಮೇಲೆ ಹೇಳಿದವರಿಗೆ ಮಾತ್ರ ಬರೆದುಕೊಳ್ಳಲು ಅನುಮತಿ.

ನವೆಂಬರ್‌ನಲ್ಲಿ ರಾಗಿ ಕೊಯ್ಲು ಬಂದಾಗ ಕೋಣೆ ಅರ್ಧ ಖಾಲಿಯಾಯಿತು. ಮನೆಮನೆಗೆ ಹೋಗಿ ಕರೆಯಬಾರದಿತ್ತು, ಹೋದೆ. ಕಣದಲ್ಲಿ ದುಡಿಯುತ್ತಿದ್ದವರ ಮುಂದೆ ನಿಂತು ಲ.ಸಾ.ಅ. ಬಗ್ಗೆ ಮಾತಾಡಿ ಮುಖ ತಗ್ಗಿಸಿ ಬಂದೆ. ಒಕ್ಕಣೆ ಮುಗಿದ ಮೇಲೆ ಬಹಳಷ್ಟು ಮಕ್ಕಳು ತಾವಾಗಿ ಬಂದರು. ಷಟ್ಪದಿಯ ಸಾಲು ಬರೆದ ಹುಡುಗಿ ಬರಲಿಲ್ಲ; ತಾಯಿಯ ಕೆಲಸದ ಮೇಲೆ ಅವರ ಮನೆಯವರು ಬೆಂಗಳೂರಿಗೆ ಹೋಗಿದ್ದರು. ಅವಳ ನೋಟ್‌ಬುಕ್ ನಮ್ಮ ಕಪಾಟಿನಲ್ಲೇ ಇದೆ.

ಖರ್ಚನ್ನು ಕೇಳುವವರಿದ್ದಾರೆ, ಹೇಳುತ್ತೇನೆ. ಬಿಳಿ ಬೋರ್ಡು 1,450 ರೂಪಾಯಿ, ಕರೆಂಟ್ ಹೋದಾಗಿನ ದೀಪಗಳು ಎರಡಕ್ಕೆ 1,800, ಮಾರ್ಕರ್, ರಟ್ಟು, ನೋಟ್‌ಬುಕ್ ಎಲ್ಲ ಸೇರಿ 2,600, ಬಸ್ಸು ಮತ್ತು ಜೆರಾಕ್ಸ್ 900ರ ಆಸುಪಾಸು. ಪಠ್ಯಪುಸ್ತಕಗಳಿಗೆ ಹಣ ಹಾಕಬೇಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಉಚಿತವಾಗಿ ಸಿಗುತ್ತದೆ, ಪುಸ್ತಕಗಳಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪ್‌ನಲ್ಲಿ ಆಯಾ ಪಾಠದ ವಿಡಿಯೊಗಳೂ ತೆರೆದುಕೊಳ್ಳುತ್ತವೆ. ನಾನು ಮೊದಲು ತಂದ ಐದು ಗೈಡುಗಳ 1,100 ರೂಪಾಯಿ ಮಾತ್ರ ನೀರಿಗೆ ಹಾಕಿದಂತೆ.

ಜನವರಿಯ ನಂತರ ಪೂರ್ವಸಿದ್ಧತಾ ಪರೀಕ್ಷೆಗಳು ಬಂದು ಹೋಂವರ್ಕ್ ಎಂಬುದೇ ಉಳಿಯಲಿಲ್ಲ. ಹತ್ತನೆಯವರಿಗೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದೇ ಕೆಲಸವಾಯಿತು. ಆ ಏಳು ಮಂದಿ ಪರೀಕ್ಷೆ ಬರೆದಿದ್ದಾರೆ, ಫಲಿತಾಂಶ ಇನ್ನೂ ಬರಬೇಕು. ವರ್ಗಸಮೀಕರಣದ ಹುಡುಗ ಗಣಿತದ ದಿನ ಸಂಜೆ ಬಂದು, ಆವರಣವಿದ್ದ ಕಡೆಯೆಲ್ಲ ಎರಡು ಸಲ ನೋಡಿದೆನೆಂದೂ ಅದಕ್ಕೇ ಕೊನೆಯ ಪ್ರಶ್ನೆಗೆ ಹೊತ್ತು ಸಾಲಲಿಲ್ಲವೆಂದೂ ಹೇಳಿದ. ಏನೆನ್ನಬೇಕೆಂದು ತಿಳಿಯದೆ ಕಾಫಿ ಕುಡಿಸಿ ಕಳಿಸಿದೆ.

ಪಂಚಾಯಿತಿಯ ಅನುಮತಿ ಪತ್ರದ ಅವಧಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮೇ ತಿಂಗಳಲ್ಲಿ ಹೊಸ ಅರ್ಜಿ ಕೊಡಬೇಕು. ಒಪ್ಪಿಗೆ ಪತ್ರದ ನಮೂನೆಯನ್ನು ಈಗಲೇ ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ, ಅರ್ಜಿಯನ್ನು ಈ ಸಲ ಮೂರು ಪ್ರತಿ ಬರೆದಿದ್ದೇನೆ.